ಅಂಗಿಯ ಮೇಲೊಂದು ವಿಳಾಸ: ಹಾಡಿನ ಹುಚ್ಚು ಹಿಡಿದ ಮಗುವಿಗೆ ತಂದೆಯಾಗುವ ಬಗೆ

ಗದಗ ಸೀಮೆಯಲ್ಲಿ ಶಾಲಾ ಮಾಸ್ತರರಾಗಿದ್ದ ಗುರುರಾಜ ಜೋಶಿಯವರ ಹಿರಿಯ ಮಗನಿಗೆ ಸಣ್ಣಂದಿನಲ್ಲೇ ಒಂದು ಚಟ ಅಂಟಿಕೊಂಡಿತ್ತು. ಊರಿನಲ್ಲಿ ಬ್ಯಾಂಡ್ ಬಾರಿಸುತ್ತ ಮೆರವಣಿಗೆ ಹೊರಟಿತೆಂದರೆ ಹುಡುಗ ಅದರ ಬೆನ್ನು ಹತ್ತುತ್ತಿದ್ದ. ನಡೆದು ನಡೆದು ಕಾಲು ಸೋತಾಗ ಎಲ್ಲಿದ್ದನೋ ಅಲ್ಲೇ ಒರಗಿ ನಿದ್ದೆಹೋಗುತ್ತಿದ್ದ. ಇತ್ತ ಮನೆಯವರು ಹುಡುಕಿ ಸಾಕಾಗಿ ಪೊಲೀಸರ ಬಳಿಗೆ ಹೋಗಬೇಕಾಗುತ್ತಿತ್ತು. ಹೀಗೆ ಹಲವು ಸಲ ಆದಮೇಲೆ ಮಾಸ್ತರರು ಮಗನ ಅಂಗಿಗಳ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆದುಬಿಟ್ಟರು. ಅಲ್ಲಿಂದ ಮುಂದೆ ಹುಡುಗ ಎಲ್ಲಿ ಮಲಗಿದ್ದರೂ ಕಂಡವರು ಅಕ್ಷರ ಓದಿಕೊಂಡು ಮನೆಗೆ ತಂದು ಮುಟ್ಟಿಸತೊಡಗಿದರು. ಆ ಹುಡುಗನೇ ಪಂಡಿತ ಭೀಮಸೇನ ಜೋಶಿ. 1922ರಲ್ಲಿ ಹುಟ್ಟಿ, 2008ರಲ್ಲಿ ಭಾರತರತ್ನಕ್ಕೆ ಪಾತ್ರರಾಗಿ, 2011ರ ಜನವರಿಯಲ್ಲಿ ಪುಣೆಯಲ್ಲಿ ತೀರಿಕೊಂಡ ಹಿಂದೂಸ್ತಾನಿ ಸಂಗೀತದ ಕಿರಾನಾ ಘರಾಣೆಯ (ಗಾಯನ ಪರಂಪರೆಯ) ಮಹಾಗಾಯಕರು.

ಈ ಪ್ರಸಂಗವನ್ನು ಸಾಮಾನ್ಯವಾಗಿ ನಗುವುದಕ್ಕಾಗಿ ಹೇಳುತ್ತಾರೆ. ನಾನು ಅದನ್ನು ಕೇಳಿದಾಗಲೆಲ್ಲ ಆ ತಂದೆಯ ಮುಂದಿದ್ದ ಬೇರೆ ದಾರಿಗಳನ್ನು ನೆನೆಯುತ್ತೇನೆ. ಬಾಗಿಲಿಗೆ ಅಗಳಿ ಹಾಕಬಹುದಿತ್ತು, ನಾಲ್ಕು ಬಾರಿಸಿ ಮೂಲೆಯಲ್ಲಿ ಕೂರಿಸಬಹುದಿತ್ತು. ಆ ಕಾಲದಲ್ಲಿ ಅದನ್ನು ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ಮಗ ಬ್ಯಾಂಡಿನ ಹಿಂದೆ ಹೋಗುವುದನ್ನು ತಡೆಯುವುದರ ಬದಲು ಹೋದವನು ತಿರುಗಿ ಬರುವ ವ್ಯವಸ್ಥೆ ಮಾಡಿದರು. ಮುಂದೆ ಇದೇ ತಂದೆ ಮತ್ತು ಮಗನ ನಡುವೆ ಮುನಿಸು, ಓಡಿಹೋಗುವುದು, ವರ್ಷಗಳ ಹುಡುಕಾಟ ಎಲ್ಲವೂ ನಡೆಯಿತು. ಆದರೂ ಅಂಗಿಯ ಮೇಲೆ ಬರೆದ ದಿನದ ಬುದ್ಧಿ ಅವರನ್ನು ಬಿಟ್ಟುಹೋಗಲಿಲ್ಲ. ಮನೆಯಲ್ಲಿ ಹಾಡಿನ ಹುಚ್ಚು ಹಿಡಿದ ಮಗುವಿದ್ದು, ತನಗೆ ಸಂಗೀತ ಬಾರದೆ, ಏನು ಮಾಡಬೇಕೆಂದು ತೋಚದೆ ಕುಳಿತಿರುವ ತಂದೆಯರಿಗಾಗಿ ಆ ಬುದ್ಧಿಯನ್ನು ಇಂದಿನ ಮನೆಗಳಲ್ಲಿ ನಡೆಸುವ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ನನಗೆ ತಿಳಿದಿರುವುದು ಹಿಂದೂಸ್ತಾನಿ ಗಾಯನ ಕಲಿಯುವ ಮಕ್ಕಳ ಮನೆಗಳು. ವೀಣೆಯೋ ಮೃದಂಗವೋ ಕಲಿಯುವ ಮಗುವಿದ್ದರೆ ಹೆಸರುಗಳನ್ನು ಬದಲಿಸಿಕೊಂಡು ಓದಿಕೊಳ್ಳಬಹುದು.

ಮೊದಲು, ಮಗು ಯಾವುದರ ಬೆನ್ನು ಹತ್ತಿದೆ ಎಂದು ನೋಡಿ

ಮಗು ಚೆನ್ನಾಗಿ ಹಾಡುತ್ತದೆ ಎಂದು ನೆಂಟರು ಹೇಳಿದ ಮಾರನೆಯ ದಿನವೇ ಕ್ಲಾಸಿಗೆ ಸೇರಿಸುವ ಅವಸರ ಬೇಡ. ಒಂದೆರಡು ತಿಂಗಳು ಸುಮ್ಮನೆ ಗಮನಿಸಿ. ಮಕ್ಕಳಲ್ಲಿ ಹಾಡಿ ಚಪ್ಪಾಳೆ ಹೊಡೆಸಿಕೊಳ್ಳಲು ಬಯಸುವವರು ಒಂದು ಬಗೆ, ಕೇಳಿದ ನಾದವನ್ನು ಬಿಡಲಾರದವರು ಇನ್ನೊಂದು ಬಗೆ. ಎರಡೂ ಒಳ್ಳೆಯವೇ, ಆದರೆ ಎರಡನೆಯ ಬಗೆಯ ಮಗುವಿಗೆ ತಂದೆಯಿಂದ ಬೇಕಾಗುವುದು ಬೇರೆ. ಬಾಲಕ ಭೀಮಸೇನ ಎರಡನೆಯ ಬಗೆಯವನು. ಕಿರಾನಾ ಘರಾಣೆಯ ಹಿರಿಯ ಗಾಯಕ ಅಬ್ದುಲ್ ಕರೀಮ್ ಖಾನರು ಝಿಂಝೋಟಿ ರಾಗದಲ್ಲಿ ಹಾಡಿದ ‘ಪಿಯಾ ಬಿನ್ ನಹೀ ಆವತ ಚೈನ್’ ಠುಮರಿಯ ಧ್ವನಿಮುದ್ರಿಕೆಯನ್ನು ಕೇಳಿದ ಮೇಲೆ ಅವನಿಗೆ ತಾನೂ ಹಾಗೆಯೇ ಹಾಡಬೇಕೆಂಬುದರ ಹೊರತು ಬೇರೇನೂ ಬೇಡವಾಯಿತು. ಕೆಲವೇ ನಿಮಿಷಗಳ ಆ ತಟ್ಟೆ ಒಬ್ಬನ ಇಡೀ ಬಾಳಿನ ದಿಕ್ಕನ್ನು ತೋರಿಸಿಬಿಟ್ಟಿತು.

ನಿಮ್ಮ ಮಗು ಯಾವ ಬಗೆಯದು ಎಂದು ತಿಳಿಯಲು ಒಂದು ಸರಳ ಉಪಾಯವಿದೆ. ಫೋನಿನಲ್ಲಿ ತಂಬೂರಿಯ ಆ್ಯಪ್ ಹಾಕಿ, ಯಾವುದಾದರೂ ಒಂದು ಶ್ರುತಿಯಲ್ಲಿ ನುಡಿಯಲು ಬಿಟ್ಟು, ಏನೂ ಹೇಳದೆ ನಿಮ್ಮ ಪಾಡಿಗೆ ನೀವು ಕೆಲಸ ಮಾಡುತ್ತಿರಿ. ಕೆಲವು ಮಕ್ಕಳು ಐದು ನಿಮಿಷಕ್ಕೆ ಬೇಸತ್ತು ಆರಿಸುತ್ತಾರೆ. ಕೆಲವರು ಆಟವಾಡುತ್ತಲೇ ಅದರೊಳಗೆ ದನಿ ಸೇರಿಸಿ ಗುನುಗತೊಡಗುತ್ತಾರೆ. ಅವರ ಷಡ್ಜ (‘ಸ’ ಸ್ವರ) ತಂಬೂರಿಯ ಷಡ್ಜದಲ್ಲಿ ಕರಗಿದ ಕ್ಷಣ ಮುಖದಲ್ಲಿ ಒಂದು ನೆಮ್ಮದಿ ಮೂಡುತ್ತದೆ. ಅದನ್ನು ಕಂಡಾಗ ದಯವಿಟ್ಟು ವಿಡಿಯೋ ಮಾಡಲು ಹೋಗಬೇಡಿ. ತನ್ನಷ್ಟಕ್ಕೆ ನಡೆಯುತ್ತಿದ್ದ ಕೆಲಸ ಕ್ಯಾಮೆರಾ ಕಂಡೊಡನೆ ಪ್ರದರ್ಶನವಾಗಿಬಿಡುತ್ತದೆ.

ಮನೆಯಲ್ಲಿ ಕೇಳಲು ಏನಿದೆ ಎಂಬುದೂ ಮುಖ್ಯ. ಭೀಮಸೇನರ ತಾಯಿ ಗೋದಾವರಿಬಾಯಿ ಭಜನೆ ಹಾಡುತ್ತಿದ್ದರು. ಮಗುವಿನ ಕಿವಿಗೆ ಮೊದಲು ಬಿದ್ದದ್ದು ಅಡುಗೆಮನೆಯ ಹಾಡೇ ಹೊರತು ಕಚೇರಿಯದಲ್ಲ. ತಾಯಿಯೋ ಅಜ್ಜಿಯೋ ಹೇಳುವ ದೇವರನಾಮ, ವಚನ, ಸೋಬಾನೆ ಯಾವುದಿದ್ದರೂ ಅದನ್ನು ‘ಶಾಸ್ತ್ರೀಯವಲ್ಲ’ ಎಂದು ಬದಿಗೆ ಸರಿಸಬೇಡಿ. ವಾರಕ್ಕೊಮ್ಮೆಯಾದರೂ ಒಂದು ರಾಗದ ಪೂರ್ತಿ ಗಾಯನವನ್ನು, ನಿಧಾನದ ವಿಲಂಬಿತದಿಂದ ವೇಗದ ದ್ರುತದವರೆಗೆ, ನಡುವೆ ನಿಲ್ಲಿಸದೆ ಮನೆಯಲ್ಲಿ ಕೇಳಿಸಿ. ಮೂವತ್ತು ಸೆಕೆಂಡಿನ ತುಣುಕುಗಳಲ್ಲಿ ತಾನಗಳ (ವೇಗದ ಸ್ವರಸರಣಿಗಳ) ರಭಸ ಮಾತ್ರ ಸಿಗುತ್ತದೆ. ಒಂದು ಸ್ವರದ ಮೇಲೆ ನಿಂತು ಕಾಯುವುದನ್ನು ಕಲಿಯಲು ನಿಧಾನಗತಿಯ ಇಡೀ ಬಡಾಖ್ಯಾಲ್ ಬೇಕು.

ಊರಿನ ಗುರುವನ್ನು ಹಗುರವಾಗಿ ಕಾಣಬೇಡಿ

ಭೀಮಸೇನರ ಗುರು ಯಾರೆಂದರೆ ಎಲ್ಲರೂ ಸವಾಯಿ ಗಂಧರ್ವರ ಹೆಸರನ್ನೇ ಹೇಳುತ್ತಾರೆ. ಆದರೆ ಅವರಿಗೆ ಮೊದಲು ಪಾಠ ಹೇಳಿದವರು ಕುರ್ತಕೋಟಿಯ ಚನ್ನಪ್ಪನವರು. ಭೈರವ ಮತ್ತು ಭೀಮಪಲಾಸಿ ರಾಗಗಳು ಅವರಿಂದ ಬಂದವು. ಆಮೇಲೆ ಬಾಗಲಕೋಟೆಯ ಕಡೆಯ ಶಾಮಾಚಾರ್ಯ ಜೋಶಿಯವರಿಂದಲೂ ಅವರಿಗೆ ಪಾಠವಾಯಿತು. ಸಂಬಳದ ಮೇಲೆ ದೊಡ್ಡ ಸಂಸಾರವನ್ನು ತೂಗಿಸುತ್ತಿದ್ದ, 16 ಮಕ್ಕಳ ತಂದೆಯಾದ ಒಬ್ಬ ಶಾಲಾ ಮಾಸ್ತರರು ಮಗನಿಗೆ ಸಂಗೀತದ ಪಾಠ ಕೊಡಿಸಿದ್ದು ಸಣ್ಣ ಮಾತಲ್ಲ. ಮಗ ಚೆನ್ನಾಗಿ ಓದಿ ಡಾಕ್ಟರನೋ ಎಂಜಿನಿಯರನೋ ಆಗಲಿ ಎಂಬ ಆಸೆ ಅವರಿಗಿತ್ತೆಂದು ಹೇಳುವುದುಂಟು. ಆಸೆ ಒಂದು ಕಡೆಯಿದ್ದರೂ ಪಾಠಕ್ಕೆ ಅವರು ಅಡ್ಡ ಬರಲಿಲ್ಲ. ತನಗೆ ಒಪ್ಪಿಗೆಯಿಲ್ಲದ ದಾರಿಗೂ ಒಂದಿಷ್ಟು ಬುತ್ತಿ ಕಟ್ಟಿಕೊಡಬಹುದೆಂದು ಎಷ್ಟೋ ತಂದೆಯರಿಗೆ ತೋಚುವುದೇ ಇಲ್ಲ.

ಮೊದಲ ಗುರುವನ್ನು ಆರಿಸುವಾಗ ಹೆಸರು, ಪ್ರಶಸ್ತಿ, ಗೋಡೆಯ ಮೇಲಿನ ಫೋಟೋಗಳನ್ನು ನೋಡಬೇಡಿ. ಎರಡು ಪಾಠಗಳ ಹೊತ್ತಿಗೆ ಹೊರಗಿನ ಜಗಲಿಯಲ್ಲಿ ಕುಳಿತು ಕೇಳಿ. ತಂಬೂರಿ ನುಡಿಯುತ್ತಿದೆಯೇ, ಅಥವಾ ಬರೀ ಹಾರ್ಮೋನಿಯಂ ಜೊತೆಗೆ ಮಕ್ಕಳು ಕೂಗುತ್ತಿದ್ದಾರೆಯೇ? ಗುರು ತಾನು ಹಾಡಿ ತೋರಿಸಿ, ಮಗುವಿನ ತಿರುಗುತ್ತರವನ್ನು ಕೇಳಿ, ತಪ್ಪಿದ ಸ್ವರವನ್ನು ಮತ್ತೆ ತಾನೇ ಹಾಡಿ ತಿದ್ದುತ್ತಾರೆಯೇ? ಪಲಟಾಗಳನ್ನು (ಸ್ವರಾಭ್ಯಾಸದ ವರಸೆಗಳನ್ನು) ಸರಿಗಮದ ಜೊತೆಗೆ ‘ಆ’ಕಾರದಲ್ಲೂ ಹಾಡಿಸುತ್ತಾರೆಯೇ? ಒಂದೊಂದು ಮಗುವಿಗೆ ಒಗ್ಗುವ ಶ್ರುತಿಯನ್ನು ಬೇರೆಯಾಗಿ ನೋಡುತ್ತಾರೆಯೇ, ಅಥವಾ ಇಪ್ಪತ್ತು ಮಕ್ಕಳನ್ನೂ ಒಂದೇ ಶ್ರುತಿಯಲ್ಲಿ ಕೂರಿಸಿಬಿಡುತ್ತಾರೆಯೇ? ಇಷ್ಟು ತಿಳಿಯಲು ನಿಮಗೆ ಸಂಗೀತ ಬರಬೇಕಾಗಿಲ್ಲ. ಸುಮ್ಮನೆ ಕೂರುವ ತಾಳ್ಮೆ ಇದ್ದರೆ ಸಾಕು.

ಪರೀಕ್ಷೆಗಳ ವಿಷಯ ಬಹಳ ತಂದೆಯರನ್ನು ಕಾಡುತ್ತದೆ. ಗಾಂಧರ್ವ ಮಹಾವಿದ್ಯಾಲಯ ಮಂಡಳದ ಪ್ರಾರಂಭಿಕದಿಂದ ವಿಶಾರದದವರೆಗಿನ ಪರೀಕ್ಷೆಗಳೂ ನಮ್ಮ ರಾಜ್ಯದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳೂ ಕಲಿಕೆಗೆ ಒಂದು ಕ್ರಮ ಕೊಡುತ್ತವೆ. ಮುಂದೆ ಶಿಕ್ಷಕನಾಗಬೇಕೆಂದರೆ ಪ್ರಮಾಣಪತ್ರ ಬೇಕೂ ಆಗುತ್ತದೆ. ಆದರೆ ಯಾವ ವರ್ಷ ಯಾವ ಪರೀಕ್ಷೆ ಎಂಬುದನ್ನು ಗುರುವಿಗೆ ಬಿಡಿ. ಪಕ್ಕದ ಮನೆಯ ಹುಡುಗಿ ಮಧ್ಯಮಾ ಪರೀಕ್ಷೆ ಮುಗಿಸಿದಳೆಂದು ನಿಮ್ಮ ಮಗನೂ ಈ ವರ್ಷವೇ ಮುಗಿಸಬೇಕಾಗಿಲ್ಲ.

ಅತಿಥಿಗಳ ಮುಂದೆ ಹಾಡಿಸುವ ಚಪಲ ನನ್ನನ್ನೂ ಬಿಟ್ಟಿರಲಿಲ್ಲ. ನನ್ನ ಮಗಳಿಗೆ ಒಂಬತ್ತು ವರ್ಷವಿದ್ದಾಗ ಮನೆಗೆ ಬಂದವರ ಮುಂದೆ ಭೂಪ ರಾಗದ ಒಂದು ಛೋಟಾಖ್ಯಾಲ್ (ವೇಗದ ಚಿಕ್ಕ ರಚನೆ) ಹಾಡಿಸಿದೆ. ಉತ್ಸಾಹದಲ್ಲಿ ನಾನೂ ತೊಡೆಯ ಮೇಲೆ ತೀನ್‌ತಾಲ ಬಡಿಯತೊಡಗಿದೆ. ನಾಲ್ಕನೆಯ ಆವರ್ತನದ ಹೊತ್ತಿಗೆ ನನ್ನ ಬಡಿತ ಓಡಿಹೋಗಿತ್ತು. ಮಗಳು ನನ್ನ ಕೈಯನ್ನೇ ನೋಡುತ್ತ, ತನ್ನ ಲಯವನ್ನು ಹಿಡಿಯಬೇಕೋ ಅಪ್ಪನ ಲಯವನ್ನು ಹಿಡಿಯಬೇಕೋ ತಿಳಿಯದೆ, ಎರಡರ ನಡುವೆ ಸಿಕ್ಕಿ ಅಂತರೆಯನ್ನು (ಹಾಡಿನ ಎರಡನೆಯ ಭಾಗವನ್ನು) ಅರ್ಧಕ್ಕೇ ನಿಲ್ಲಿಸಿದಳು. ಬಂದವರು ಚಪ್ಪಾಳೆ ತಟ್ಟಿದರು. ಅಂದಿನಿಂದ ಸುಮಾರು ಒಂದು ವರ್ಷ ಅವಳು ಕೋಣೆಯ ಬಾಗಿಲು ಹಾಕಿಕೊಂಡೇ ರಿಯಾಜ್ (ಹಾಡಿನ ಅಭ್ಯಾಸ) ಮಾಡಿದಳು. ಅತಿಥಿಗಳಿಗೆ ಉಪ್ಪಿಟ್ಟು, ಚಹಾ ಸಾಕು.

ಮಗ ಸಿಟ್ಟಿನಿಂದ ಹೊರಟುಹೋದಾಗ

1933. ಭೀಮಸೇನನಿಗೆ ಹನ್ನೊಂದು ವರ್ಷ. ಊಟದಲ್ಲಿ ಅನ್ನಕ್ಕೆ ಇನ್ನೊಂದು ಚಮಚ ತುಪ್ಪ ಕೇಳಿದ್ದಕ್ಕೆ ಸಿಗಲಿಲ್ಲವೆಂದು ಮುನಿಸಿಕೊಂಡು ಮನೆ ಬಿಟ್ಟನೆಂಬುದು ಪ್ರಚಲಿತ ಕತೆ. ತುಪ್ಪ ನೆಪವಷ್ಟೇ, ಅಷ್ಟರೊಳಗೆ ಹುಡುಗನ ಮನಸ್ಸು ಗುರುವನ್ನು ಹುಡುಕಿ ಹೊರಟಾಗಿತ್ತು. ಟಿಕೆಟ್ಟಿಲ್ಲದೆ, ಸಹಪ್ರಯಾಣಿಕರ ಕರುಣೆಯ ಮೇಲೆ ರೈಲು ಹತ್ತಿ ಇಳಿದು ಪುಣೆ, ಗ್ವಾಲಿಯರ್, ಕಲ್ಕತ್ತ, ದಿಲ್ಲಿ ಎಂದು ಸುತ್ತಿದ. ಗ್ವಾಲಿಯರಿನಲ್ಲಿ ಸರೋದ್ ವಾದಕ ಹಾಫಿಜ್ ಅಲಿ ಖಾನರ ನೆರವಿನಿಂದ ಅಲ್ಲಿನ ಮಾಧವ ಸಂಗೀತ ಶಾಲೆಯಲ್ಲಿ ಜಾಗ ಸಿಕ್ಕಿತು. ಕೊನೆಗೆ ಪಂಜಾಬಿನ ಜಲಂಧರದಲ್ಲಿದ್ದಾನೆಂದು ಪತ್ತೆಯಾಗಿ, ತಂದೆ ಅವನನ್ನು ಮನೆಗೆ ಕರೆತಂದರು. ಜಲಂಧರದಲ್ಲೇ ಗಾಯಕ ವಿನಾಯಕರಾವ್ ಪಟವರ್ಧನರು ಈ ಹುಡುಗನನ್ನು ಕಂಡು, ನಿನ್ನ ಸೀಮೆಯಲ್ಲೇ ಸವಾಯಿ ಗಂಧರ್ವರಿರುವಾಗ ಇಲ್ಲೇಕೆ ಅಲೆಯುತ್ತೀಯೆ ಎಂಬ ಅರ್ಥದ ಮಾತು ಹೇಳಿದರೆಂದು ಬಲ್ಲವರು ನೆನೆಯುತ್ತಾರೆ. ಗದಗಿನಿಂದ ಒಂದು ಹಗಲಿನ ದಾರಿಯೂ ಅಲ್ಲದ ಕುಂದಗೋಳದಲ್ಲಿ ಗುರುವಿದ್ದರು. ಶಿಷ್ಯ ಪಂಜಾಬಿನಲ್ಲಿ ಅವರನ್ನು ಹುಡುಕುತ್ತಿದ್ದ.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಮಹಾಗಾಯಕರೊಬ್ಬರ ಬಾಲ್ಯದಲ್ಲಿ ನಡೆಯಿತೆಂಬ ಮಾತ್ರಕ್ಕೆ ಮನೆ ಬಿಟ್ಟು ಓಡಿಹೋಗುವುದನ್ನು ಸಾಧನೆಯ ಮೊದಲ ಮೆಟ್ಟಿಲೆಂದು ಮಕ್ಕಳ ಮುಂದೆ ವರ್ಣಿಸಬೇಡಿ. ಹನ್ನೊಂದು ವರ್ಷದ ಹುಡುಗ ದೇಶದ ಅರ್ಧವನ್ನು ಒಬ್ಬನೇ ಸುತ್ತಿ ಜೀವಂತವಾಗಿ ಮರಳಿದ್ದು ಅದೃಷ್ಟ. ಇಂದು ಮಗು ಕಾಣೆಯಾದರೆ ಸಂಜೆಯವರೆಗೆ ಕಾಯದೆ ತಕ್ಷಣ ಪೊಲೀಸರಿಗೆ ತಿಳಿಸಬೇಕು. ಮಕ್ಕಳ ಸಹಾಯವಾಣಿ 1098ಕ್ಕೆ ಹಗಲಿರುಳೆನ್ನದೆ ಕರೆ ಮಾಡಬಹುದು, ತುರ್ತು ಕರೆಯ ಸಂಖ್ಯೆ 112. ಮಗುವಿಗೂ ನಿಮ್ಮ ಫೋನ್ ನಂಬರನ್ನು ಬಾಯಿಪಾಠ ಮಾಡಿಸಿ. ಅಂಗಿಯ ಮೇಲೆ ಹೆಸರು ಬರೆಯುವ ಕಾಲ ಹೋಯಿತು, ಎಲ್ಲ ಅಪರಿಚಿತರೂ ಅದನ್ನು ಓದುವುದು ಈಗ ಒಳ್ಳೆಯದಲ್ಲ. ನೆನಪಿನಲ್ಲಿರುವ ಹತ್ತು ಅಂಕಿಗಳು ಅದೇ ಕೆಲಸವನ್ನು ಮಾಡುತ್ತವೆ.

ಓಡಿಹೋಗದೆ, ಮನೆಯೊಳಗೇ ಇದ್ದು ದೂರವಾಗುವ ಮಕ್ಕಳೇ ಹೆಚ್ಚು. ಹತ್ತನೆಯ ತರಗತಿಯ ಹೊತ್ತಿಗೆ ಮಗ ‘ನನಗೆ ಹಾಡುವುದೊಂದೇ ಸಾಕು, ಓದು ಬೇಡ’ ಎನ್ನುತ್ತಾನೆ. ತಂದೆ ‘ಹಾಡಿದರೆ ಹೊಟ್ಟೆ ತುಂಬುತ್ತದೆಯೇ’ ಎನ್ನುತ್ತಾನೆ. ಈ ಎರಡು ವಾಕ್ಯಗಳ ಆಚೆಗೆ ಮಾತು ಬೆಳೆಯುವುದೇ ಇಲ್ಲ. ಮಾತನ್ನು ಬೆಳೆಸಬೇಕಾದವರು ವಯಸ್ಸಿನಲ್ಲಿ ದೊಡ್ಡವರು. 1930ರ ದಶಕದಲ್ಲಿ ಸಂಗೀತವೋ ಶಾಲೆಯೋ ಎಂದು ಒಂದನ್ನು ಆರಿಸಬೇಕಾಗಿತ್ತು. ಈಗ ಹಾಗಿಲ್ಲ, ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಸಂಗೀತವನ್ನೇ ವಿಷಯವಾಗಿ ಓದಬಹುದು, ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ಲರ ಹೆಸರಿನ ಸಂಗೀತ ವಿಶ್ವವಿದ್ಯಾಲಯವೇ ಇದೆ, ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳು ಸಂಗೀತ ಕಲಿಯುವ ಪರಂಪರೆ ಪಂಚಾಕ್ಷರಿ ಗವಾಯಿಗಳ ಕಾಲದಿಂದ ನಡೆದುಬಂದಿದೆ. ಮಗನ ಜೊತೆಗೆ ಕೂತು ಎರಡು ವರ್ಷಗಳ ಒಪ್ಪಂದವೊಂದನ್ನು ಮಾಡಿಕೊಳ್ಳಿ: ಪಿಯುಸಿ ಮುಗಿಯುವವರೆಗೆ ಶಾಲೆ ನಡೆಯುತ್ತದೆ, ರಿಯಾಜಿನ ಹೊತ್ತಿಗೆ ಟ್ಯೂಷನ್ ಅಡ್ಡ ಬರುವುದಿಲ್ಲ, ಆಮೇಲೆ ಗುರುಗಳನ್ನು ಕೇಳಿಯೇ ಮುಂದಿನ ಮಾತು. ಒಪ್ಪಂದದಲ್ಲಿ ನಿಮ್ಮ ಕಡೆಯ ಮಾತನ್ನು ನೀವು ಮೊದಲು ಉಳಿಸಿಕೊಳ್ಳಿ. ಪರೀಕ್ಷೆಯ ತಿಂಗಳಲ್ಲಿ ‘ಈ ಒಂದು ತಿಂಗಳು ತಂಬೂರಿ ಮುಚ್ಚಿಡು’ ಎಂದಿರೋ, ಅಲ್ಲಿಗೆ ನಿಮ್ಮ ಸಹಿಗೆ ಬೆಲೆ ಹೋಯಿತು.

ಜಲಂಧರದಿಂದ ಕರೆತಂದ ಮಗನನ್ನು ಗುರುರಾಜ ಜೋಶಿಯವರು ಏನು ಮಾಡಿದರೆಂಬುದು ಈ ಇಡೀ ಕತೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ. ವರ್ಷಗಟ್ಟಲೆ ಮನೆಯವರನ್ನು ಕಂಗೆಡಿಸಿದ ಮಗನಿಗೆ ‘ಇನ್ನು ಸಂಗೀತದ ಮಾತೆತ್ತಬೇಡ’ ಎಂದು ಹೇಳಲು ಯಾವ ತಂದೆಗಾದರೂ ಅಧಿಕಾರವಿತ್ತು. ಅವರು ಹಾಗೆ ಹೇಳಲಿಲ್ಲ. 1936ರಲ್ಲಿ ಆ ಹುಡುಗ ಸವಾಯಿ ಗಂಧರ್ವರ ಶಿಷ್ಯನಾದ. ಹುಡುಕಿ ತಂದದ್ದು ಕಟ್ಟಿಹಾಕುವುದಕ್ಕಲ್ಲ, ಸರಿಯಾದ ಬಾಗಿಲಿಗೆ ಮುಟ್ಟಿಸುವುದಕ್ಕೆ ಎಂದಾಯಿತು.

ಗುರುವಿನ ಮನೆಯ ಹೊಸ್ತಿಲಲ್ಲಿ ನಿಲ್ಲುವುದನ್ನು ಕಲಿಯಿರಿ

ಸವಾಯಿ ಗಂಧರ್ವರು ಎಂದರೆ ರಾಮಭಾವು ಕುಂದಗೋಳಕರ್, ಅಬ್ದುಲ್ ಕರೀಮ್ ಖಾನರ ಶಿಷ್ಯರು. ಹುಬ್ಬಳ್ಳಿಯಿಂದ ಗಂಗೂಬಾಯಿ ಹಾನಗಲ್ಲರು ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಪಾಠ ಹೇಳಿಸಿಕೊಂಡು ಬರುತ್ತಿದ್ದದ್ದು ಇವರಲ್ಲಿಯೇ. ಭೀಮಸೇನರು ಗುರುವಿನ ಮನೆಯಲ್ಲೇ ಇದ್ದು ಕಲಿತರು; ನೀರು ಹೊರುವುದೂ ಮನೆಗೆಲಸವೂ ಆ ಕಲಿಕೆಯ ಜೊತೆಗೇ ಇದ್ದವು. ಪಾಠದ ಮುಖ್ಯ ಭಾಗ ಮೂರು ರಾಗಗಳ ಸುತ್ತ ನಡೆಯಿತೆಂದು ಹೇಳುತ್ತಾರೆ: ಬೆಳಿಗ್ಗೆ ತೋಡಿ, ಮಧ್ಯಾಹ್ನ ಮುಲ್ತಾನಿ, ಸಂಜೆ ಪೂರಿಯಾ.

ಮೂರು ರಾಗ, ಅದೂ ವರ್ಷಗಟ್ಟಲೆ. ಇಂದಿನ ತಂದೆಯೊಬ್ಬನಿಗೆ ಇದನ್ನು ಹೇಳಿದರೆ ಶುಲ್ಕ ವಾಪಸು ಕೇಳಿಯಾನು. ಆದರೆ ತೋಡಿಯ ಕೋಮಲ ಗಾಂಧಾರವೂ ಮುಲ್ತಾನಿಯ ಕೋಮಲ ಗಾಂಧಾರವೂ ಬರಹದಲ್ಲಿ ಒಂದೇ, ಹಾಡಿದಾಗ ಬೇರೆ. ಎರಡರ ಸ್ವರಗಳೂ ಹೆಚ್ಚುಕಡಿಮೆ ಅವೇ ಆಗಿದ್ದು ನಡೆ ಮಾತ್ರ ಬೇರೆ. ಬೆಳಿಗ್ಗೆ ಒಂದನ್ನೂ ಮಧ್ಯಾಹ್ನ ಇನ್ನೊಂದನ್ನೂ ದಿನವೂ ಹಾಡಿದ ಗಂಟಲಿಗೆ ಆ ಭೇದ ಪುಸ್ತಕವಿಲ್ಲದೆ ಗೊತ್ತಾಗುತ್ತದೆ. ಆದ್ದರಿಂದ ಪಾಠದಿಂದ ಬಂದ ಮಗುವನ್ನು ‘ಎಷ್ಟು ರಾಗ ಆಯಿತು’ ಎಂದು ಕೇಳುವ ಅಭ್ಯಾಸವನ್ನು ಬಿಟ್ಟುಬಿಡಿ. ಕೇಳಲೇಬೇಕೆನ್ನಿಸಿದರೆ ‘ಇವತ್ತು ಗುರುಗಳು ಏನು ಹಾಡಿದರು’ ಎಂದು ಕೇಳಿ. ಮಗು ಹೇಳುವ ಬದಲು ಹಾಡಿಯೇ ತೋರಿಸುತ್ತದೆ.

ನೀರು ಹೊರಿಸಿದ ಗುರುಕುಲದ ಬಗ್ಗೆ ನನಗೆ ಪೂರ್ತಿ ಮೆಚ್ಚುಗೆಯೇನೂ ಇಲ್ಲ. ಕಷ್ಟಪಟ್ಟರೇ ವಿದ್ಯೆ ಬರುವುದೆಂಬ ಹೆಸರಿನಲ್ಲಿ ಎಷ್ಟೋ ಮಕ್ಕಳನ್ನು ಬರಿಯ ಆಳಿನಂತೆ ದುಡಿಸಿಕೊಂಡದ್ದೂ ಉಂಟು. ನಿಮ್ಮ ಮಗು ಗುರುಗಳ ಮನೆಯಲ್ಲಿ ಉಳಿದು ಕಲಿಯುವುದಾದರೆ ಹೇಳದೆ ಕೇಳದೆ ಹೋಗಿ ನೋಡುವ ಸ್ವಾತಂತ್ರ್ಯವನ್ನು ಮೊದಲೇ ಕೇಳಿ ಪಡೆಯಿರಿ, ದಿನಕ್ಕೊಮ್ಮೆ ಮಗುವಿನ ದನಿ ಕೇಳಿ, ಮಗು ‘ಅಲ್ಲಿಗೆ ಹೋಗಲಾರೆ’ ಎಂದರೆ ಕಾರಣ ಕೇಳುವ ಮೊದಲು ಮನೆಗೆ ಕರೆತನ್ನಿ. ಗುರುವಿನ ಬಗ್ಗೆ ಗೌರವವಿರುವುದು ಬೇರೆ, ಕಣ್ಣು ಮುಚ್ಚಿಕೊಳ್ಳುವುದು ಬೇರೆ. ಆದರೆ ಪಾಠದೊಳಕ್ಕೆ ತಲೆ ಹಾಕಬೇಡಿ. ಯಾವ ಬಂದಿಶ್ (ರಚನೆ), ಯಾವ ಲಯ, ಯಾವಾಗ ತಾನ ಎಂಬುದೆಲ್ಲ ಆ ಇಬ್ಬರ ನಡುವಿನ ವಿಷಯ. ಹೊಸ್ತಿಲ ಈಚೆಗೆ ತಂದೆಯ ಹೊಣೆ, ಆಚೆಗೆ ಗುರುವಿನದು.

ಹುಡುಗರ ತಂದೆಯರು ಮುಂಚಿತವಾಗಿ ತಿಳಿದಿರಬೇಕಾದದ್ದು ದನಿ ಒಡೆಯುವ ಕಾಲ. ಹನ್ನೆರಡರಿಂದ ಹದಿನೈದರ ನಡುವೆ ಎಂದೋ ಒಂದು ದಿನ, ನಿನ್ನೆಯವರೆಗೆ ಗಿಳಿಯಂತೆ ಹಾಡುತ್ತಿದ್ದ ಹುಡುಗನ ಗಂಟಲಿನಿಂದ ಎರಡು ದನಿಗಳು ಒಟ್ಟಿಗೆ ಬರತೊಡಗುತ್ತವೆ. ತಾರಸಪ್ತಕ (ಮೇಲಿನ ಸ್ಥಾಯಿ) ಕೈಕೊಡುತ್ತದೆ, ಶ್ರುತಿ ಬಹಳ ಕೆಳಕ್ಕೆ ಇಳಿಯುತ್ತದೆ. ಎಷ್ಟೋ ತಂದೆಯರು ‘ಇವನ ಸಂಗೀತ ಮುಗಿಯಿತು’ ಎಂದು ಇದೇ ಹೊತ್ತಿಗೆ ಪಾಠ ಬಿಡಿಸುತ್ತಾರೆ. ಮುಗಿದಿರುವುದಿಲ್ಲ. ಗಂಟಲಿನೊಳಗಿನ ತಂತುಗಳು ಉದ್ದವಾಗಿ ದಪ್ಪಗಾಗುತ್ತಿರುತ್ತವೆ. ಅವು ನೆಲೆ ನಿಲ್ಲಲು ಹೊತ್ತು ಬೇಕು. ಈ ತಿಂಗಳುಗಳಲ್ಲಿ ಮೇಲಿನ ಸ್ವರಗಳಿಗೆ ಒತ್ತಾಯ ಬೇಡ, ಸ್ಪರ್ಧೆ ಬೇಡ. ಗುರುಗಳು ಹೇಳಿದಷ್ಟು ಮಂದ್ರದ (ಕೆಳ ಸ್ಥಾಯಿಯ) ಅಭ್ಯಾಸವನ್ನು ಮೆಲ್ಲಗೆ ನಡೆಸಿ, ಉಳಿದ ಹೊತ್ತಿನಲ್ಲಿ ತಾಳ, ಕೇಳ್ಮೆ, ಬಂದಿಶ್‌ಗಳ ಸಾಹಿತ್ಯ ಕಲಿತರೆ ಸಾಕು. ಕ್ರಿಕೆಟ್ ಮೈದಾನದಲ್ಲಿ ಕಿರುಚುವುದನ್ನು ಕಡಿಮೆ ಮಾಡೆಂದು ಹೇಳಬಹುದು, ಕೇಳುತ್ತಾನೆಂದಲ್ಲ. 1936ರಲ್ಲಿ ಸವಾಯಿ ಗಂಧರ್ವರ ಮುಂದೆ ಕುಳಿತ ಭೀಮಸೇನರಿಗೂ ಹದಿನಾಲ್ಕು ವರ್ಷ ಎಂಬುದನ್ನು ನೆನೆದರೆ ತಂದೆಯ ಆತಂಕ ತುಸು ಇಳಿದೀತು.

ವೇದಿಕೆಯ ಅವಸರ

ಇದೇ ಸೀಮೆಯ ಇನ್ನೊಬ್ಬ ತಂದೆಯನ್ನು ಇಲ್ಲಿ ನೆನೆಯಬೇಕು. ಬೆಳಗಾವಿ ಬಳಿಯ ಸುಳೇಭಾವಿಯ ಸಿದ್ಧರಾಮಯ್ಯ ಕೊಂಕಾಳಿಮಠರು ಸ್ವತಃ ಹಾಡುವವರು. ಅವರ ಮಗ ಶಿವಪುತ್ರ, 1924ರಲ್ಲಿ ಹುಟ್ಟಿದವನು, ದೊಡ್ಡ ದೊಡ್ಡ ಗಾಯಕರ ಧ್ವನಿಮುದ್ರಿಕೆಗಳನ್ನು ಕೇಳಿ ಇದ್ದಹಾಗೆ ಹಾಡಿಬಿಡುತ್ತಿದ್ದ. ‘ಕುಮಾರ ಗಂಧರ್ವ’ ಎಂಬ ಬಿರುದು ಬಂದದ್ದು ಆ ಎಳೆಯ ವಯಸ್ಸಿನಲ್ಲೇ, ಅದೇ ಅವರ ಹೆಸರಾಗಿ ಉಳಿಯಿತು. ತಂದೆ ಮಗನ ಕಚೇರಿಗಳನ್ನು ಊರೂರುಗಳಲ್ಲಿ ಮಾಡಿಸಿದರು. ಜನ ಮುಗಿಬಿದ್ದು ಕೇಳಿದರು. ಅಲ್ಲಿಗೇ ನಿಂತಿದ್ದರೆ ಶಿವಪುತ್ರ ಒಂದು ಕಾಲದ ಬಾಲಪ್ರತಿಭೆ ಎಂಬಷ್ಟಕ್ಕೆ ಮುಗಿಯುತ್ತಿದ್ದನೇನೋ. ಆದರೆ ಹನ್ನೆರಡರ ಹೊತ್ತಿಗೆ ಮಗನನ್ನು ಮುಂಬಯಿಯ ಸಂಗೀತ ಶಿಕ್ಷಕ ಬಿ.ಆರ್. ದೇವಧರರ ಬಳಿಗೆ ಕಲಿಯಲು ಬಿಟ್ಟರು. ಕೇಳಿದ್ದನ್ನು ಒಪ್ಪಿಸುತ್ತಿದ್ದ ಹುಡುಗ ಅಲ್ಲಿ ತನ್ನದೇ ಆದ ಹಾಡನ್ನು ಹುಡುಕಿಕೊಂಡ. ಗಳಿಸುತ್ತಿರುವ ಮಗನನ್ನು ವೇದಿಕೆಯಿಂದ ಇಳಿಸಿ ಪಾಠಕ್ಕೆ ಕೂರಿಸಲು ಆ ತಂದೆಗೆ ಎಷ್ಟು ಗಟ್ಟಿ ಮನಸ್ಸು ಬೇಕಾಗಿತ್ತೋ, ಕಳೆದುಹೋದ ಮಗನನ್ನು ಹುಡುಕಲು ಜೋಶಿ ಮಾಸ್ತರರಿಗೂ ಅಷ್ಟೇ ಬೇಕಾಗಿತ್ತು.

ಭೀಮಸೇನರ ಮೊದಲ ಸಾರ್ವಜನಿಕ ಕಚೇರಿ 1941ರಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ. ಅದರ ಮರುವರ್ಷ ಅವರ ಮೊದಲ ಧ್ವನಿಮುದ್ರಿಕೆಗಳು ಬಂದವು. ಟಿವಿಯ ಹಾಡಿನ ಸ್ಪರ್ಧೆಗೆ ಹತ್ತು ವರ್ಷದ ಮಗುವನ್ನು ಕಳಿಸಲೇ ಎಂದು ಕೇಳುವ ತಂದೆಯರಿಗೆ ನಾನು ಬೇಡವೆನ್ನುವುದಿಲ್ಲ. ಸ್ಪರ್ಧೆ ಮುಗಿದ ಸೋಮವಾರ ಬೆಳಿಗ್ಗೆ ಮಗು ಅದೇ ಪಲಟಾಗಳ ಮುಂದೆ ಕೂರುತ್ತದೆಯೇ ಎಂದಷ್ಟೇ ಕೇಳುತ್ತೇನೆ. ಕೂರುವ ಮಗುವಾದರೆ ಕಳಿಸಿ. ತೀರ್ಪುಗಾರರ ಮಾತನ್ನು ವರ್ಷಗಟ್ಟಲೆ ಮೆಲುಕು ಹಾಕುವವರು ಮಗುವಿಗಿಂತ ಹೆಚ್ಚಾಗಿ ತಂದೆಯರೇ ಎಂಬುದನ್ನೂ ಮರೆಯಬೇಡಿ.

ವೇದಿಕೆ ಹತ್ತಿಸುವುದಕ್ಕಿಂತ ವೇದಿಕೆಯ ಮುಂದೆ ಕೂರಿಸುವುದು ಮೇಲು. ಕುಂದಗೋಳದ ನಾಡಗೀರ ವಾಡೆಯಲ್ಲಿ ಸವಾಯಿ ಗಂಧರ್ವರ ನೆನಪಿನಲ್ಲಿ ನಡೆಯುವ ಅಹೋರಾತ್ರಿ ಸಂಗೀತಕ್ಕೆ ಒಮ್ಮೆಯಾದರೂ ಮಗುವನ್ನು ಕರೆದೊಯ್ಯಿರಿ. ಗುರು 1952ರಲ್ಲಿ ತೀರಿಕೊಂಡ ಮರುವರ್ಷದಿಂದ ಪುಣೆಯಲ್ಲಿ ಅವರ ಹೆಸರಿನ ಉತ್ಸವ ನಡೆಯತೊಡಗಿತು. ಭೀಮಸೇನರು ಅದನ್ನು ದಶಕಗಳ ಕಾಲ ಹೊತ್ತು ನಡೆಸಿದರು. ಚಾಪೆ, ಶಾಲು, ಚಕ್ಕುಲಿ ಕಟ್ಟಿಕೊಂಡು ಹೋಗಿ, ನಡುರಾತ್ರಿ ಮಗು ತೊಡೆಯ ಮೇಲೆ ಮಲಗಿದರೆ ಎಬ್ಬಿಸಬೇಡಿ. ಮೆರವಣಿಗೆಯ ಹಿಂದೆ ಹೋಗಿ ಮಲಗಿದ ಹುಡುಗನ ಕತೆಯನ್ನು ಬೇಕಾದರೆ ಮರುದಿನ ಹೇಳಿ.

ನೀವು ಕಲಿಯಬೇಕಾದ ಸಂಗೀತ ಇಷ್ಟೇ

ತಂದೆ ರಾಗ ಕಲಿಯಬೇಕಾಗಿಲ್ಲ, ಆದರೆ ತಂಬೂರಿ ಶ್ರುತಿ ಮಾಡುವುದನ್ನು ಕಲಿತರೆ ಮಗುವಿನ ಬೆಳಗಿಗೆ ದೊಡ್ಡ ನೆರವಾಗುತ್ತದೆ. ಎಲೆಕ್ಟ್ರಾನಿಕ್ ತಂಬೂರಿ ಪಾಠಕ್ಕೆ ಸಾಕು; ಮಗು ಕಲಿಕೆಯಲ್ಲಿ ಗಟ್ಟಿಯಾಗಿ ಕೂತಮೇಲೆ ತಂಬೂರಿ ತಯಾರಿಕೆಗೆ ಹೆಸರಾದ ಮಿರಜದಿಂದ ಒಂದು ಜೊತೆಯಲ್ಲ, ಒಂದೇ ಒಂದು ಒಳ್ಳೆಯ ತಂಬೂರಿ ತಂದಿಡಿ. ಕೊಳ್ಳುವಾಗ ಗುರುಗಳನ್ನೋ ಹಾಡುವವರೊಬ್ಬರನ್ನೋ ಜೊತೆಗೆ ಕರೆದೊಯ್ಯಿರಿ, ಬುರುಡೆಯ ಮೇಲಿನ ಚಿತ್ತಾರಕ್ಕೆ ಮರುಳಾಗದೆ ಕುದುರೆಯ (ತಂತಿಗಳನ್ನು ಹೊರುವ ಪಟ್ಟಿಯ) ಮೇಲೆ ತಂತಿ ಹೇಗೆ ಕೂತಿದೆ ಎಂದು ನೋಡಿ.

ನಾಲ್ಕು ತಂತಿಗಳಲ್ಲಿ ಮೊದಲನೆಯದು ಪಂಚಮ, ನಡುವಿನ ಎರಡು ತಂತಿಗಳು ಜೋಡಿ ಷಡ್ಜ, ಕೊನೆಯ ಹಿತ್ತಾಳೆಯ ತಂತಿ ಖರಜ (ಕೆಳ ಸ್ಥಾಯಿಯ ಷಡ್ಜ). ಮೊದಲು ಜೋಡಿಯನ್ನು ಮಗುವಿನ ಷಡ್ಜಕ್ಕೆ ತಂದು, ಎರಡೂ ತಂತಿಗಳು ಒಂದೇ ತಂತಿಯಂತೆ ಕೇಳುವವರೆಗೆ ಗೂಟವನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತಿರುಗಿಸಿ; ಉಳಿದ ಸಣ್ಣ ವ್ಯತ್ಯಾಸವನ್ನು ಕುದುರೆಯ ಕೆಳಗಿನ ಮಣಿಗಳಿಂದ ಸರಿಪಡಿಸಿ. ಆಮೇಲೆ ಖರಜ, ಕೊನೆಗೆ ಪಂಚಮ. ಪೂರಿಯಾದಲ್ಲಿ ಪಂಚಮವೇ ಇಲ್ಲದ್ದರಿಂದ ಆ ಸಂಜೆಯ ಅಭ್ಯಾಸಕ್ಕೆ ಮೊದಲ ತಂತಿಯನ್ನು ನಿಷಾದಕ್ಕೆ ಏರಿಸಬೇಕು. ಮಾಲಕಂಸ ರಾಗಕ್ಕಾದರೆ ಆ ತಂತಿಯನ್ನು ಮಧ್ಯ­ಮಕ್ಕೆ ಇಳಿಸಬೇಕು. ಶ್ರುತಿ ಕೂಡಿದ ಮೇಲೂ ತಂತಿ ಮಂಕಾಗಿ ನುಡಿದರೆ ತಂತಿಗೂ ಕುದುರೆಗೂ ನಡುವಿನ ಹತ್ತಿಯ ದಾರವನ್ನು ಬೆರಳ ತುದಿಯಿಂದ ಹಿಂದೆ ಮುಂದೆ ಸರಿಸುತ್ತ ಹೋಗಿ. ಒಂದು ಜಾಗದಲ್ಲಿ ತಂತಿ ಇದ್ದಕ್ಕಿದ್ದಂತೆ ಜೇನಿನಂತೆ ಗುಂಯ್‌ಗುಡುತ್ತದೆ. ಅದೇ ಜವಾರಿ, ದಾರವನ್ನು ಅಲ್ಲೇ ಬಿಡಿ. ನಡುಬೆರಳಿನಿಂದ ಮೊದಲ ತಂತಿಯನ್ನೂ ತೋರುಬೆರಳಿನಿಂದ ಉಳಿದ ಮೂರನ್ನೂ, ಅವಸರವಿಲ್ಲದೆ, ಒಂದೇ ಒತ್ತಿನಲ್ಲಿ ಮೀಟಿ ನೋಡಿ.

ಮೊದಮೊದಲು ನಿಮಗೆ ಅರ್ಧ ಗಂಟೆ ಹಿಡಿಯುತ್ತದೆ, ಮಗು ಪಕ್ಕದಲ್ಲಿ ಕೂತು ‘ಇನ್ನೂ ಸ್ವಲ್ಪ ಇಳಿಸಪ್ಪಾ’ ಎಂದು ತಿದ್ದುತ್ತದೆ, ತಿದ್ದಿಸಿಕೊಳ್ಳಿ. ಮಗು ‘ಹೂಂ, ಕೂಡಿತು’ ಎಂದೊಡನೆ ತಂಬೂರಿಯನ್ನು ಅದರ ಕೈಗೆ ಕೊಟ್ಟು ಎದ್ದುಬನ್ನಿ, ಬರುವಾಗ ಬಾಗಿಲನ್ನು ಪೂರ್ತಿ ಹಾಕದೆ ಮುಂದೆ ಮಾಡಿ.